ಸರ್ವರ್‌ನ ಕಣ್ಣು ಕಟ್ಟಿದ ಮೇಲೆ

ಲಿನಕ್ಸ್ ಕಂಪ್ಯೂಟರಿನಲ್ಲಿ ಥಂಡರ್‌ಬರ್ಡ್ ಎಂಬ ಇಮೇಲ್ ಪ್ರೋಗ್ರಾಂ ತೆರೆದು, ಖಾಸಗಿತನಕ್ಕೆ ಹೆಸರಾದ ಪ್ರೋಟಾನ್ ಅಥವಾ ಟೂಟಾ ಇಮೇಲ್ ಸೇವೆಯಲ್ಲಿ ಹೊಸದಾಗಿ ಮಾಡಿಕೊಂಡ ವಿಳಾಸವನ್ನೂ ಪಾಸ್‌ವರ್ಡನ್ನೂ ಕೊಟ್ಟರೆ ಖಾತೆ ಸೇರುವುದಿಲ್ಲ. ಇದನ್ನು ಕಂಡವರು ಸಾಮಾನ್ಯವಾಗಿ ಎರಡರಲ್ಲಿ ಒಂದು ತೀರ್ಮಾನಕ್ಕೆ ಬರುತ್ತಾರೆ: ಕಂಪನಿ ಲಿನಕ್ಸ್ ಬಳಸುವವರನ್ನು ಕಡೆಗಣಿಸಿದೆ, ಇಲ್ಲವೇ ಎಲ್ಲರನ್ನೂ ತನ್ನ ಆ್ಯಪ್‌ನೊಳಗೇ ಕಟ್ಟಿಹಾಕಲು ನೋಡುತ್ತಿದೆ. ಎರಡರಲ್ಲೂ ಒಂದಿಷ್ಟು ನಿಜವಿದೆ. ಆದರೆ ಮೂಲ ಕಾರಣ ಬೇರೆ. ಅದು ತಿಳಿದರೆ ಮುಂದೆ ಎದುರಾಗುವ ತೊಡಕುಗಳು ಎಲ್ಲಿಂದ ಹುಟ್ಟುತ್ತವೆ ಎಂಬುದೂ ತಿಳಿಯುತ್ತದೆ.

ಸರ್ವರ್‌ನಲ್ಲಿರುವ ಪತ್ರಗಳನ್ನು ಥಂಡರ್‌ಬರ್ಡ್‌ನಂಥ ಪ್ರೋಗ್ರಾಂ (ಕ್ಲೈಂಟ್) ಓದಲು ಬಳಸುವ ಐಮ್ಯಾಪ್ ಪದ್ಧತಿ ಹುಟ್ಟಿದ್ದು 1980ರ ದಶಕದಲ್ಲಿ. ಸರ್ವರ್‌ಗೆ ಎಲ್ಲವೂ ಕಾಣುತ್ತದೆ ಎಂಬ ಎಣಿಕೆಯ ಮೇಲೆಯೇ ಅದು ನಿಂತಿದೆ. ಈ ಫೋಲ್ಡರಿನಲ್ಲಿ ‘ಬಾಡಿಗೆ’ ಎಂಬ ಪದವಿರುವ ಪತ್ರಗಳು ಯಾವುವು ಎಂದು ಕ್ಲೈಂಟ್ ಕೇಳುತ್ತದೆ, ಸರ್ವರ್ ಹುಡುಕಿ ಹೇಳುತ್ತದೆ. ಪತ್ರದ ಮೂರನೇ ಭಾಗದಲ್ಲಿರುವ ಪಿಡಿಎಫ್ ಒಂದನ್ನೇ ಕೊಡು ಎಂದರೆ ಸರ್ವರ್ ಪತ್ರವನ್ನು ಬಿಡಿಸಿ ಅಷ್ಟನ್ನೇ ಕಳಿಸುತ್ತದೆ. ಪತ್ರದ ಗಾತ್ರ ಬೈಟ್ ಲೆಕ್ಕದಲ್ಲಿ ಎಷ್ಟು, ಅದು ಯಾರಿಗೆ ಉತ್ತರವಾಗಿ ಬಂದಿದೆ, ಲಗತ್ತು ಇದೆಯೇ ಇಲ್ಲವೇ, ಎಲ್ಲಕ್ಕೂ ಸರ್ವರ್ ಉತ್ತರಿಸಬೇಕು. ಮಧ್ಯೆ ಟಿಎಲ್‌ಎಸ್ ಇದೆ ನಿಜ, ಆದರೆ ಅದು ದಾರಿಗೆ ಹಾಕಿದ ಬೀಗ. ದಾರಿಯ ಆ ತುದಿಯಲ್ಲಿ ಪತ್ರ ಬಿಚ್ಚಿಯೇ ಬಿದ್ದಿರುತ್ತದೆ.

ಕಂಪನಿಗೂ ಓದಲಾಗದ ಹಾಗೆ ಪತ್ರವನ್ನು ಎನ್‌ಕ್ರಿಪ್ಟ್ ಮಾಡಿ ಇಟ್ಟರೆ ಸರ್ವರ್‌ನ ಕಣ್ಣು ಕಟ್ಟಿದ ಹಾಗೆ. ಮೇಲಿನ ಬಹುತೇಕ ಪ್ರಶ್ನೆಗಳಿಗೆ ಅದು ಉತ್ತರಿಸಲಾರದು. ಹಾಗೆಂದು ಆ ಕೆಲಸವೇನೂ ಮಾಯವಾಗುವುದಿಲ್ಲ. ಹುಡುಕುವುದು, ಬಿಡಿಸುವುದು, ಅಳೆಯುವುದು, ವಿಂಗಡಿಸುವುದು ಎಲ್ಲವೂ ಕೀಲಿ ಇರುವ ಜಾಗಕ್ಕೆ, ಅಂದರೆ ನಿಮ್ಮ ಕಂಪ್ಯೂಟರಿಗೆ ಬಂದು ಬೀಳುತ್ತವೆ. ಲಿನಕ್ಸಿನಲ್ಲಿ ಈ ಹೊರೆ ಎಲ್ಲೆಲ್ಲಿ ಎಡವುತ್ತದೆ ಎನ್ನುವುದೇ ಇಲ್ಲಿಯ ವಿಷಯ. ಎಡವುವುದು ಬಹುಮಟ್ಟಿಗೆ ಎನ್‌ಕ್ರಿಪ್ಷನ್‌ನ ಗಣಿತದಲ್ಲಲ್ಲ. ಕೀಲಿಗಳನ್ನು ಇಡುವ ಪೆಟ್ಟಿಗೆ, ಹೆಸರನ್ನು ವಿಳಾಸವಾಗಿಸುವ ಡಿಎನ್‌ಎಸ್, ಆ್ಯಪ್‌ಗಳನ್ನು ಬೇಲಿಯೊಳಗಿಡುವ ಸ್ಯಾಂಡ್‌ಬಾಕ್ಸ್, ಇಂಥ ಮಾಮೂಲಿ ಕೀಲುಗಳಲ್ಲಿ.

ಪ್ರೋಟಾನ್ ಇದಕ್ಕೆ ಕಂಡುಕೊಂಡ ದಾರಿ ಬ್ರಿಜ್. ನಿಮ್ಮ ಕಂಪ್ಯೂಟರಿನೊಳಗೇ ಓಡುವ ಒಂದು ಪುಟ್ಟ ಐಮ್ಯಾಪ್ ಸರ್ವರ್ ಅದು. ಹೊರಗೆ ಪ್ರೋಟಾನ್ ಸರ್ವರಿನ ಜೊತೆ ಅದರದೇ ಭಾಷೆಯಲ್ಲಿ ಮಾತಾಡಿ, ಬೀಗ ಹಾಕಿದ ಪತ್ರಗಳನ್ನು ತಂದು, ನಿಮ್ಮ ಕೀಲಿಯಿಂದ ತೆರೆದು, ಥಂಡರ್‌ಬರ್ಡ್‌ಗೆ ಮಾಮೂಲಿ ಐಮ್ಯಾಪ್‌ನಂತೆ ಬಡಿಸುತ್ತದೆ. ಗೋ ಭಾಷೆಯಲ್ಲಿ ಬರೆದದ್ದು, 2020ರಿಂದ ಅದರ ಸೋರ್ಸ್ ಕೋಡ್ ಮುಕ್ತವಾಗಿದೆ, ಡೆಬ್ ಮತ್ತು ಆರ್‌ಪಿಎಂ ಎಂಬ ಲಿನಕ್ಸ್ ಪ್ಯಾಕೇಜ್ ರೂಪದಲ್ಲಿ ಸಿಗುತ್ತದೆ. ಹಣ ಕೊಟ್ಟ ಖಾತೆಗಳಿಗೆ ಮಾತ್ರ ಕೆಲಸ ಮಾಡುತ್ತದೆ.

ಹೊಂದಿಸುವುದು ಹೀಗೆ. ಬ್ರಿಜ್ ತೆರೆದು ಪ್ರೋಟಾನ್ ಪಾಸ್‌ವರ್ಡಿನಿಂದ ಒಳಹೋಗಿ. ಆಗ ಅದು ಉದ್ದನೆಯ ಇನ್ನೊಂದು ಪಾಸ್‌ವರ್ಡ್ ತಯಾರಿಸಿ ತೋರಿಸುತ್ತದೆ. ಥಂಡರ್‌ಬರ್ಡ್‌ಗೆ ಕೊಡಬೇಕಾದದ್ದು ಇದನ್ನು, ಪ್ರೋಟಾನ್ ಪಾಸ್‌ವರ್ಡನ್ನಲ್ಲ. ಒಳಬರುವ ಸರ್ವರ್ 127.0.0.1, ಪೋರ್ಟ್ 1143. ಹೊರಹೋಗುವ ಸರ್ವರ್ ಅದೇ ವಿಳಾಸ, ಪೋರ್ಟ್ 1025. ಎರಡಕ್ಕೂ ಸಂಪರ್ಕದ ಭದ್ರತೆ ಸ್ಟಾರ್ಟ್‌ಟಿಎಲ್‌ಎಸ್. ವಿಳಾಸದ ಜಾಗದಲ್ಲಿ ಲೋಕಲ್‌ಹೋಸ್ಟ್ ಎಂದು ಬರೆಯುವ ಅಭ್ಯಾಸ ಇಲ್ಲಿ ಬೇಡ. ಕೆಲವು ಕಂಪ್ಯೂಟರುಗಳಲ್ಲಿ ಆ ಹೆಸರು ಮೊದಲು ಐಪಿವಿ6 ವಿಳಾಸಕ್ಕೆ ಹೋಗುತ್ತದೆ, ಬ್ರಿಜ್ ಕಿವಿಗೊಟ್ಟಿರುವುದು ಐಪಿವಿ4 ವಿಳಾಸದಲ್ಲಿ. ಸರ್ಟಿಫಿಕೇಟನ್ನು ಬ್ರಿಜ್ ತಾನೇ ಸಹಿ ಮಾಡಿಕೊಂಡಿರುವುದರಿಂದ ಥಂಡರ್‌ಬರ್ಡ್ ಎಚ್ಚರಿಸುತ್ತದೆ. ಅದು ನಿಮ್ಮದೇ ಕಂಪ್ಯೂಟರಿನ ವಿಳಾಸವಾದ್ದರಿಂದ ಒಪ್ಪಿಕೊಳ್ಳಬಹುದು. ಪತ್ರ ಬರುತ್ತದೆ, ಹೋಗುವುದಿಲ್ಲ ಎಂಬ ದೂರಿಗೆ ಬಹುತೇಕ ಕಾರಣ ಈ ಒಪ್ಪಿಗೆಯನ್ನು ಒಳಬರುವ ಸರ್ವರಿಗೆ ಮಾತ್ರ ಕೊಟ್ಟು, ಹೊರಹೋಗುವುದಕ್ಕೆ ಕೊಡದೆ ಬಿಟ್ಟಿರುವುದು. 1143 ಮೊದಲೇ ಬೇರೆ ಪ್ರೋಗ್ರಾಂ ಕೈಯಲ್ಲಿದ್ದರೆ ಬ್ರಿಜ್ ಬೇರೆ ಪೋರ್ಟ್ ಹಿಡಿಯಬಹುದು. ಹಾಗಾಗಿ ಬ್ರಿಜ್‌ನ ಕಿಟಕಿಯಲ್ಲಿ ಕಾಣುವ ಸಂಖ್ಯೆಯನ್ನೇ ಬರೆದುಕೊಳ್ಳಿ.

ಇಷ್ಟೆಲ್ಲ ಸಲೀಸು. ನಿಜವಾದ ಗಂಟು ಇರುವುದು ಕೀಲಿಪೆಟ್ಟಿಗೆಯಲ್ಲಿ. ಬ್ರಿಜ್ ತನ್ನ ಗುಟ್ಟುಗಳನ್ನು ಬೀಗ ಹಾಕಿದ ಕಡತದಲ್ಲಿಟ್ಟು, ಆ ಬೀಗದ ಕೀಲಿಯನ್ನು ಲಿನಕ್ಸಿನ ಕೀರಿಂಗ್‌ಗೆ ಒಪ್ಪಿಸುತ್ತದೆ. ಗ್ನೋಮ್ ಡೆಸ್ಕ್‌ಟಾಪಿನಲ್ಲಿ ಅದು ಗ್ನೋಮ್ ಕೀರಿಂಗ್, ಕೆಡಿಇಯಲ್ಲಿ ಕೆವಾಲೆಟ್. ಐ3 ಅಥವಾ ಸ್ವೇಯಂಥ ಬರಿಯ ವಿಂಡೋ ಮ್ಯಾನೇಜರ್ ಬಳಸುವವರಲ್ಲಿ ಎಷ್ಟೋ ಸಲ ಇಂಥದ್ದೊಂದು ಓಡುತ್ತಲೇ ಇರುವುದಿಲ್ಲ. ಕೀಲಿಪೆಟ್ಟಿಗೆ ಸಿಗದೆ ಬ್ರಿಜ್ ಅಲ್ಲೇ ನಿಲ್ಲುತ್ತದೆ. ಗ್ನೋಮ್ ಕೀರಿಂಗ್ ಹಾಕಿಕೊಂಡು ಲಾಗಿನ್ ಹೊತ್ತಿಗೆ ಶುರುವಾಗುವಂತೆ ಮಾಡಬೇಕು, ಇಲ್ಲವೇ ಪಾಸ್ ಎಂಬ ಪುಟ್ಟ ಪಾಸ್‌ವರ್ಡ್ ಸಾಧನಕ್ಕೆ ಜಿಪಿಜಿ ಎಂಬ ಎನ್‌ಕ್ರಿಪ್ಷನ್ ಪ್ರೋಗ್ರಾಂನ ಒಂದು ಕೀಲಿ ಕೊಟ್ಟು ಸಿದ್ಧಪಡಿಸಿಕೊಳ್ಳಬೇಕು.

ಪೂರ್ತಿ ಗ್ನೋಮ್ ಇದ್ದವರಿಗೂ ಒಂದು ತೊಡಕು ಕಾದಿರುತ್ತದೆ: ಪಾಸ್‌ವರ್ಡ್ ಕೇಳದೆ ನೇರ ಒಳಗೆ ಬಿಡುವ ಆಟೋ ಲಾಗಿನ್. ಮಾಮೂಲಿ ಲಾಗಿನ್‌ನಲ್ಲಿ ನೀವು ಟೈಪ್ ಮಾಡಿದ ಪಾಸ್‌ವರ್ಡಿನಿಂದಲೇ ಕೀರಿಂಗ್‌ನ ಬೀಗವೂ ತೆರೆಯುತ್ತದೆ. ಆಟೋ ಲಾಗಿನ್‌ನಲ್ಲಿ ಪಾಸ್‌ವರ್ಡೇ ಇಲ್ಲ, ಹಾಗಾಗಿ ಕೀರಿಂಗ್ ಮುಚ್ಚಿಯೇ ಇರುತ್ತದೆ. ಬ್ರಿಜ್ ಎದ್ದು ಬಂದು ಬಾಗಿಲು ತಟ್ಟುತ್ತದೆ, ಪಾಸ್‌ವರ್ಡ್ ಕೇಳುವ ಕಿಟಕಿ ಇನ್ನೆಲ್ಲೋ ಹಿಂದೆ ಅಡಗಿ ಕೂತಿರುತ್ತದೆ, ಬಳಸುವವರಿಗೆ ಕಾಣುವುದು ಸರ್ವರ್ ಸಿಗುತ್ತಿಲ್ಲ ಎಂಬ ಥಂಡರ್‌ಬರ್ಡ್‌ನ ಸಂದೇಶ ಮಾತ್ರ. ಕೀರಿಂಗ್‌ನ ಪಾಸ್‌ವರ್ಡನ್ನು ಖಾಲಿ ಮಾಡಿಬಿಡಿ ಎಂಬ ಸಲಹೆ ಅಲ್ಲಲ್ಲಿ ಸಿಗುತ್ತದೆ. ಹಾಗೆ ಮಾಡಿದರೆ ಒಳಗಿನ ಗುಟ್ಟುಗಳೆಲ್ಲ ಡಿಸ್ಕಿನಲ್ಲಿ ಬಯಲಾಗಿ ಕೂರುತ್ತವೆ. ಖಾಸಗಿತನಕ್ಕೆಂದೇ ಇಷ್ಟು ದೂರ ಬಂದವರು ಆ ದಾರಿ ಹಿಡಿಯಬಾರದು, ಆಟೋ ಲಾಗಿನ್ನನ್ನೇ ಬಿಡಬೇಕು.

ಪರದೆಯಿಲ್ಲದ ಸರ್ವರ್‌ನಲ್ಲಿ ಬ್ರಿಜ್ ಓಡಿಸುವುದೂ ಸಾಧ್ಯ. ಮೊದಲು ಕಮಾಂಡ್ ಲೈನ್ ರೂಪದಲ್ಲಿ ತೆರೆದು ಲಾಗಿನ್ ಆಗಿ, ಇನ್ಫೋ ಎಂಬ ಆಜ್ಞೆ ಕೊಟ್ಟು ಪೋರ್ಟ್, ಪಾಸ್‌ವರ್ಡ್ ಬರೆದುಕೊಂಡು ಹೊರಬನ್ನಿ. ಆಮೇಲೆ ಏನನ್ನೂ ಕೇಳದೆ ಓಡುವ ನಾನ್‌ಇಂಟರ್‌ಆಕ್ಟಿವ್ ರೂಪದಲ್ಲಿ, ಹಿನ್ನೆಲೆ ಸೇವೆಗಳನ್ನು ನಡೆಸುವ ಸಿಸ್ಟಂಡಿಯ ಬಳಕೆದಾರ ಸೇವೆಯಾಗಿ ಓಡಿಸಿ. ಲಾಗ್‌ಔಟ್ ಆದಾಗ ಅದು ಸಾಯದಿರಲು ಆ ಬಳಕೆದಾರರಿಗೆ ಲಿಂಗರ್ ಎಂಬ ಸಿಸ್ಟಂಡಿ ಆಯ್ಕೆ ಶುರು ಮಾಡಿರಬೇಕು. ಒಂದು ಬ್ರಿಜ್ ಓಡುತ್ತಿರುವಾಗ ಇನ್ನೊಂದು ತೆರೆಯುವುದಿಲ್ಲ. ಸೇವೆ ನಿಲ್ಲಿಸದೆ ಕಮಾಂಡ್ ಲೈನ್ ತೆರೆಯಲು ಹೋಗಿ ದೋಷಕ್ಕಾಗಿ ತಡಕಾಡುವುದು ಇಲ್ಲಿ ಸಾಮಾನ್ಯ. ಪಾಸ್‌ಗೆ ಕೊಟ್ಟ ಜಿಪಿಜಿ ಕೀಲಿಗೆ ಪಾಸ್‌ಫ್ರೇಸ್ ಇದ್ದರೆ ಅದನ್ನು ಟೈಪ್ ಮಾಡುವವರು ಅಲ್ಲಿ ಯಾರೂ ಇರುವುದಿಲ್ಲ, ಆದ್ದರಿಂದ ಪಾಸ್‌ಫ್ರೇಸ್ ಇಲ್ಲದ ಕೀಲಿಯೇ ಬೇಕಾಗುತ್ತದೆ. ಆಗ ಕಾವಲಿನ ಭಾರವೆಲ್ಲ ಡಿಸ್ಕ್ ಎನ್‌ಕ್ರಿಪ್ಷನ್ ಮೇಲೆ ಬೀಳುತ್ತದೆ. ಲಿನಕ್ಸಿನ ಡಿಸ್ಕ್ ಎನ್‌ಕ್ರಿಪ್ಷನ್ ಆದ ಲಕ್ಸ್ ಇಲ್ಲದ ಡಿಸ್ಕಿನಲ್ಲಿ ಇದನ್ನು ಮಾಡಬೇಡಿ.

ಗ್ನೋಮ್ ಬಿಟ್ಟು ಕೆಡಿಇಗೆ ಹೋದಾಗಲೋ ಕೀರಿಂಗ್ ಕಡತ ಅಳಿಸಿದಾಗಲೋ ಬ್ರಿಜ್‌ಗೆ ತನ್ನ ಹಳೆಯ ಕೀಲಿ ಸಿಗುವುದಿಲ್ಲ. ಅದು ಎಲ್ಲವನ್ನೂ ಹೊಸದಾಗಿ ಶುರು ಮಾಡುತ್ತದೆ: ಮತ್ತೆ ಲಾಗಿನ್, ಹೊಸ ಪಾಸ್‌ವರ್ಡ್, ಮೊದಲಿನಿಂದ ಸಿಂಕ್. ಥಂಡರ್‌ಬರ್ಡ್ ಮಾತ್ರ ಹಳೆಯ ಪಾಸ್‌ವರ್ಡನ್ನೇ ಹಿಡಿದುಕೊಂಡು ತಪ್ಪು ತಪ್ಪು ಎನ್ನಿಸಿಕೊಳ್ಳುತ್ತಿರುತ್ತದೆ. ಪ್ರೋಟಾನ್ ಪಾಸ್‌ವರ್ಡ್ ಬದಲಿಸಿ ಫಲವಿಲ್ಲ, ಬ್ರಿಜ್ ತೋರಿಸುವ ಹೊಸ ಪಾಸ್‌ವರ್ಡನ್ನು ಥಂಡರ್‌ಬರ್ಡ್‌ಗೆ ಕೊಡಬೇಕು.

ಮೊದಲ ಸಿಂಕ್‌ಗೆ ತಾಳ್ಮೆ ಬೇಕು. ಪತ್ರಗಳನ್ನೆಲ್ಲ ಒಂದೊಂದಾಗಿ ತಂದು ತೆರೆಯಬೇಕಾದ್ದರಿಂದ ಹತ್ತು ವರ್ಷದ ಪೆಟ್ಟಿಗೆಯಾದರೆ ಗಂಟೆಗಟ್ಟಲೆ ಹಿಡಿಯುತ್ತದೆ. ಅದು ಮುಗಿಯುವ ಮೊದಲೇ ಥಂಡರ್‌ಬರ್ಡ್ ತೆರೆದು, ಫೋಲ್ಡರುಗಳು ಅರ್ಧ ಖಾಲಿ ಎಂದು ಗಾಬರಿಯಾಗಬೇಕಿಲ್ಲ. ಜಾಗದ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ಬ್ರಿಜ್ ತನ್ನದೊಂದು ಪ್ರತಿ ಇಟ್ಟುಕೊಳ್ಳುತ್ತದೆ, ಥಂಡರ್‌ಬರ್ಡ್ ಇನ್ನೊಂದು ಪ್ರತಿ ಇಳಿಸಿಕೊಳ್ಳುತ್ತದೆ. 10 ಜಿಬಿ ಪತ್ರಗಳಿಗೆ 20 ಜಿಬಿ ಹೋಯಿತು. ಇದರ ಮೇಲೆ ‘ಆಲ್ ಮೇಲ್’ ಎಂಬ ಫೋಲ್ಡರನ್ನೂ ಇಳಿಸಿಕೊಂಡರೆ ಅದೇ ಪತ್ರಗಳು ಮತ್ತೊಮ್ಮೆ ಬಂದು ಕೂರುತ್ತವೆ, ಹುಡುಕಿದಾಗ ಪ್ರತಿಯೊಂದೂ ಎರಡೆರಡು ಸಲ ಕಾಣುತ್ತದೆ. ಥಂಡರ್‌ಬರ್ಡ್‌ನಲ್ಲಿ ಆ ಫೋಲ್ಡರಿನ ಚಂದಾ ತೆಗೆದುಬಿಡಿ, ಇಲ್ಲವೇ ಬ್ರಿಜ್‌ನ ಸೆಟ್ಟಿಂಗ್ಸ್‌ನಲ್ಲೇ ಅದನ್ನು ಮರೆಮಾಡಿ. ಲೇಬಲ್‌ಗಳೂ ಹೀಗೆಯೇ. ಐಮ್ಯಾಪ್‌ಗೆ ಲೇಬಲ್ ಎಂಬ ಕಲ್ಪನೆಯಿಲ್ಲ, ಹಾಗಾಗಿ ಪ್ರತಿ ಲೇಬಲ್ಲೂ ಒಂದು ಫೋಲ್ಡರಿನ ವೇಷದಲ್ಲಿ ಬರುತ್ತದೆ, ಮೂರು ಲೇಬಲ್ ಅಂಟಿಸಿದ ಪತ್ರ ಮೂರು ಕಡೆ ಕಾಣುತ್ತದೆ.

ಇನ್ನೊಂದು ಮಿತಿಯನ್ನು ಸ್ಪಷ್ಟವಾಗಿ ಹೇಳಬೇಕು. ಬ್ರಿಜ್ ಪ್ರತಿ ಕಂಪ್ಯೂಟರಿಗೂ ಬೇರೆ ಬೇರೆ ಬೇಕು, ಫೋನಿಗೆ ಇಲ್ಲ. ಅಲ್ಲಿ ಪ್ರೋಟಾನ್‌ನ ಆ್ಯಪೇ ಗತಿ.

ಟೂಟಾ ಈ ಹಾದಿಗೇ ಬರಲಿಲ್ಲ. ಜರ್ಮನಿಯ ಹ್ಯಾನೋವರ್‌ನ ಈ ಸೇವೆಯ ಹೆಸರು 2023ರ ನವೆಂಬರ್‌ವರೆಗೆ ಟೂಟಾನೋಟಾ ಎಂದಿತ್ತು. ಪ್ರೋಟಾನ್ ಓಪನ್‌ಪಿಜಿಪಿ ಎಂಬ ಸಾರ್ವತ್ರಿಕ ಎನ್‌ಕ್ರಿಪ್ಷನ್ ಪದ್ಧತಿ ಬಳಸುವುದರಿಂದ ಪತ್ರದ ವಿಷಯದ ಸಾಲು ಕೊನೆಯಿಂದ ಕೊನೆಗೆ ಎನ್‌ಕ್ರಿಪ್ಟ್ ಆಗುವುದಿಲ್ಲ. ಟೂಟಾ ತನ್ನದೇ ಪದ್ಧತಿ ಕಟ್ಟಿಕೊಂಡು ವಿಷಯದ ಸಾಲನ್ನೂ ಮುಚ್ಚುತ್ತದೆ, 2024ರಲ್ಲಿ ಕ್ವಾಂಟಂ ಕಂಪ್ಯೂಟರಿಗೂ ಜಗ್ಗದಂಥ ಕ್ರಮವನ್ನೂ ಅದಕ್ಕೆ ಸೇರಿಸಿತು. ಅದಕ್ಕೆ ತೆತ್ತ ಬೆಲೆ ಎಂದರೆ ಐಮ್ಯಾಪ್ ಇಲ್ಲ, ಬ್ರಿಜ್ ಇಲ್ಲ, ಥಂಡರ್‌ಬರ್ಡ್ ಇಲ್ಲ, ಟರ್ಮಿನಲ್‌ನಲ್ಲಿ ಪತ್ರ ಓದುವ ಮಟ್ ಇಲ್ಲ. ಅವರದೇ ಆ್ಯಪ್ ಅಥವಾ ಬ್ರೌಸರ್, ಅಷ್ಟೇ. ಪತ್ರಗಳನ್ನು ಸ್ಕ್ರಿಪ್ಟ್ ಬರೆದು ವಿಂಗಡಿಸುವವರು, ಬೇರೆ ಬೇರೆ ಖಾತೆಗಳನ್ನು ಒಂದೇ ಕಿಟಕಿಯಲ್ಲಿ ನೋಡುವವರು ಇದನ್ನು ಸೇರುವ ಮೊದಲೇ ಯೋಚಿಸಬೇಕು, ಸೇರಿದ ಮೇಲಲ್ಲ.

ಟೂಟಾದ ಲಿನಕ್ಸ್ ಆ್ಯಪ್ ಆ್ಯಪ್‌ಇಮೇಜ್ ರೂಪದಲ್ಲಿ ಬರುತ್ತದೆ, ಫ್ಲ್ಯಾಟ್‌ಹಬ್ ಎಂಬ ಆ್ಯಪ್ ಮಳಿಗೆಯಲ್ಲೂ ಇದೆ. ಆ್ಯಪ್‌ಇಮೇಜ್ ಎಂದರೆ ಒಂದೇ ಕಡತ, ಓಡಿಸಲು ಅನುಮತಿ ಕೊಟ್ಟು ಕ್ಲಿಕ್ ಮಾಡಿದರೆ ಸಾಕು ಎನ್ನುತ್ತಾರೆ. ಉಬುಂಟುವಿನಲ್ಲಿ ಕ್ಲಿಕ್ ಮಾಡಿದರೆ ಎಷ್ಟೋ ಸಲ ಏನೂ ಆಗುವುದಿಲ್ಲ, ದೋಷದ ಸಂದೇಶವೂ ಇಲ್ಲ. ಇಂಥ ಹೊತ್ತಿನಲ್ಲಿ ಟರ್ಮಿನಲ್‌ನಿಂದ ಓಡಿಸಿ ನೋಡಿ. ಎರಡರಲ್ಲಿ ಒಂದು ಕಾಣುತ್ತದೆ. ಆ್ಯಪ್‌ಇಮೇಜ್‌ನ ಒಳಗನ್ನು ಡಿಸ್ಕಿನಂತೆ ತೆರೆದು ಕೊಡುವ ಫ್ಯೂಸ್ ಸಿಗುತ್ತಿಲ್ಲ ಎಂದರೆ ಕಾರಣ ಸರಳ: ಬಹಳಷ್ಟು ಆ್ಯಪ್‌ಇಮೇಜ್‌ಗಳು ಫ್ಯೂಸ್‌ನ ಎರಡನೇ ಆವೃತ್ತಿ ಕೇಳುತ್ತವೆ, 22.04ರಿಂದ ಉಬುಂಟು ಅದನ್ನು ತಾನಾಗಿ ಹಾಕಿ ಕೊಡುವುದಿಲ್ಲ. ಲಿಬ್‌ಫ್ಯೂಸ್2 ಪ್ಯಾಕೇಜ್ ಹಾಕಿಕೊಳ್ಳಿ. 24.04ರಲ್ಲಿ ಅದೇ ಪ್ಯಾಕೇಜಿನ ಹೆಸರಿನ ಕೊನೆಗೆ ಟಿ64 ಸೇರಿದೆ. ಫ್ಯೂಸ್ ಎಂದಷ್ಟೇ ಹೆಸರಿರುವ ಹಳೆಯ ಪ್ಯಾಕೇಜ್ ಹಾಕಲು ಹೋಗಬೇಡಿ. ಅದು ಡೆಸ್ಕ್‌ಟಾಪ್ ನೆಚ್ಚಿಕೊಂಡಿರುವ ಹೊಸ ಫ್ಯೂಸನ್ನೇ ಕಿತ್ತುಹಾಕಬಹುದು.

ಎರಡನೆಯದು ಸ್ಯಾಂಡ್‌ಬಾಕ್ಸ್ ದೋಷ. ಈ ಆ್ಯಪ್ ಎಲೆಕ್ಟ್ರಾನ್ ಮೇಲೆ ಕಟ್ಟಿದ್ದು, ಅಂದರೆ ಒಳಗಿರುವುದು ಕ್ರೋಮಿಯಂ ಬ್ರೌಸರ್. ಅದರ ಸ್ಯಾಂಡ್‌ಬಾಕ್ಸ್‌ಗೆ ಯೂಸರ್ ನೇಮ್‌ಸ್ಪೇಸ್ ಎಂಬ ಕರ್ನೆಲ್ ಸವಲತ್ತು ಬೇಕು. ಉಬುಂಟು 24.04 ಆ ಸವಲತ್ತನ್ನು ಆ್ಯಪ್‌ಆರ್ಮರ್ ಎಂಬ ಕಾವಲು ವ್ಯವಸ್ಥೆಯ ಮೂಲಕ ಬಿಗಿ ಮಾಡಿ, ಅನುಮತಿಯ ಪ್ರೊಫೈಲ್ ಇಲ್ಲದ ಪ್ರೋಗ್ರಾಂಗಳಿಗೆ ನಿರಾಕರಿಸುತ್ತದೆ. ಸ್ಯಾಂಡ್‌ಬಾಕ್ಸ್ ಇಲ್ಲದೆ ಓಡಿಸುವ ಆಯ್ಕೆ ಸೇರಿಸಿ ಎಂಬ ಪರಿಹಾರ ಎಲ್ಲೆಡೆ ಹರಿದಾಡುತ್ತದೆ. ಅದು ಕೆಟ್ಟ ಸಲಹೆ. ಇಮೇಲ್ ಆ್ಯಪ್ ಮಾಡುವ ಕೆಲಸವೇ ಅಪರಿಚಿತರು ಕಳಿಸಿದ ಎಚ್‌ಟಿಎಂಎಲ್ ತೆರೆದು ತೋರಿಸುವುದು. ಆ ಎಚ್‌ಟಿಎಂಎಲ್‌ಗೂ ನಿಮ್ಮ ಕಡತಗಳಿಗೂ ನಡುವೆ ಇರುವ ಗೋಡೆ ಆ ಸ್ಯಾಂಡ್‌ಬಾಕ್ಸ್. ಆ್ಯಪ್‌ಇಮೇಜನ್ನು ಒಂದು ಖಾಯಂ ಜಾಗದಲ್ಲಿಟ್ಟು, ಆ ಜಾಗದ ಹೆಸರಿಗೆ ಆ್ಯಪ್‌ಆರ್ಮರ್ ಪ್ರೊಫೈಲ್ ಬರೆದು, ಯೂಸರ್ ನೇಮ್‌ಸ್ಪೇಸ್‌ಗೆ ಅನುಮತಿ ಕೊಡುವುದು ಸರಿಯಾದ ದಾರಿ. ಅದು ಕಷ್ಟವೆನಿಸಿದರೆ ಫ್ಲ್ಯಾಟ್‌ಹಬ್‌ನ ಆವೃತ್ತಿಯೇ ಲೇಸು.

ಹುಡುಕಾಟದ ವಿಷಯದಲ್ಲೂ ಕಣ್ಣು ಕಟ್ಟಿದ ಸರ್ವರಿನ ಪರಿಣಾಮ ನೇರವಾಗಿ ಕಾಣುತ್ತದೆ. ಟೂಟಾದಲ್ಲಿ ಹುಡುಕುವ ಸೂಚಿ ನಿಮ್ಮ ಯಂತ್ರದಲ್ಲೇ ತಯಾರಾಗುತ್ತದೆ, ಅದು ಮೊದಲಿಗೆ ಇತ್ತೀಚಿನ ಪತ್ರಗಳನ್ನಷ್ಟೇ ಮುಟ್ಟುತ್ತದೆ. ಹಳೆಯದು ಬೇಕಾದರೆ ದಿನಾಂಕದ ವ್ಯಾಪ್ತಿ ಹಿಗ್ಗಿಸಿ, ಸೂಚಿ ಬೆಳೆಯುವ ತನಕ ಕಾಯಬೇಕು. ಪ್ರೋಟಾನ್‌ನ ವೆಬ್ ರೂಪದಲ್ಲಿ ಪತ್ರದ ಒಳಗನ್ನು ಹುಡುಕುವ ಸೌಲಭ್ಯವನ್ನು ನೀವೇ ಶುರು ಮಾಡಬೇಕು. ಆಗ ಅದು ಪತ್ರಗಳನ್ನೆಲ್ಲ ಇಳಿಸಿ ಬ್ರೌಸರಿನ ಸಂಗ್ರಹದಲ್ಲಿ ಸೂಚಿ ಕಟ್ಟುತ್ತದೆ. ಮುಚ್ಚುವಾಗ ಕುಕೀ ಮತ್ತು ಸೈಟ್ ಮಾಹಿತಿ ಅಳಿಸುವಂತೆ ಫೈರ್‌ಫಾಕ್ಸ್ ಹೊಂದಿಸಿಕೊಂಡಿದ್ದರೆ ಆ ಸೂಚಿಯೂ ಪ್ರತಿ ಸಲ ಅಳಿದುಹೋಗುತ್ತದೆ. ಖಾಸಗಿತನದ ಒಂದು ಒಳ್ಳೆಯ ಅಭ್ಯಾಸ ಇನ್ನೊಂದರ ಕಾಲೆಳೆಯುವ ಉದಾಹರಣೆ ಇದು. ಆ ಒಂದು ಸೈಟಿಗೆ ವಿನಾಯಿತಿ ಕೊಟ್ಟರೆ ಸರಿಹೋಗುತ್ತದೆ.

ಈ ಹೆಣಗಾಟ ಬೇಡ ಎನ್ನುವವರಿಗೆ ಬರ್ಲಿನ್‌ನ ಪೋಸ್ಟಿಯೋ, ಮೇಲ್‌ಬಾಕ್ಸ್ ಡಾಟ್ ಆರ್ಗ್ ಇವೆ. ಇಲ್ಲಿ ಐಮ್ಯಾಪ್ ಇದೆ, ಕ್ಯಾಲೆಂಡರ್ ಸಿಂಕ್‌ಗೆ ಕ್ಯಾಲ್‌ಡ್ಯಾವ್ ಇದೆ, ಸಂಪರ್ಕಗಳ ಸಿಂಕ್‌ಗೆ ಕಾರ್ಡ್‌ಡ್ಯಾವ್ ಇದೆ, ಲಿನಕ್ಸಿನ ಯಾವ ಕ್ಲೈಂಟ್ ಆದರೂ ನಡೆಯುತ್ತದೆ. ಬಂದ ಪತ್ರವನ್ನು ಎನ್‌ಕ್ರಿಪ್ಟ್ ಮಾಡಿ ಇಡುವ ಆಯ್ಕೆಯೂ ಎರಡರಲ್ಲೂ ಇದೆ. ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಮಾಮೂಲಿ ಪತ್ರ ಸರ್ವರಿಗೆ ಬಂದ ಕ್ಷಣದಲ್ಲಿ ಅದಕ್ಕೆ ಕಾಣುತ್ತದೆ. ಹಾಗೆ ನೋಡಿದರೆ ಹೊರಗಿನಿಂದ ಬರುವ ಮಾಮೂಲಿ ಪತ್ರದ ಮಟ್ಟಿಗೆ ಪ್ರೋಟಾನ್, ಟೂಟಾಗಳಲ್ಲೂ ಕಥೆ ಇದೇ. ಕಳಿಸಿದವರು ಬೀಗ ಹಾಕದಿದ್ದರೆ ಬೀಗ ಬೀಳುವುದು ಸರ್ವರ್ ತಲುಪಿದ ಮೇಲೆ. ಪೋಸ್ಟಿಯೋದಲ್ಲಿ ಸ್ವಂತ ಡೊಮೈನ್ ಬಳಸಲಾಗುವುದಿಲ್ಲ ಎಂಬುದನ್ನು ಸೇರುವ ಮೊದಲು ತಿಳಿದಿರಬೇಕು.

ಪತ್ರದ ಮಾತು ಹೀಗಾದರೆ ಕ್ಯಾಲೆಂಡರ್ ಇನ್ನೂ ಬಿಗಿ. ಬ್ರಿಜ್ ತರುವುದು ಪತ್ರಗಳನ್ನು ಮಾತ್ರ. ಪ್ರೋಟಾನ್ ಕ್ಯಾಲೆಂಡರಿಗೆ ಕ್ಯಾಲ್‌ಡ್ಯಾವ್ ಇಲ್ಲ, ಆದ್ದರಿಂದ ಗ್ನೋಮ್ ಕ್ಯಾಲೆಂಡರ್, ಎವಲ್ಯೂಷನ್, ಥಂಡರ್‌ಬರ್ಡ್ ಯಾವುದಕ್ಕೂ ಎರಡೂ ಕಡೆಯಿಂದ ಸಿಂಕ್ ಸಾಧ್ಯವಿಲ್ಲ. ಇರುವುದು ಓದಲು ಮಾತ್ರ ಬರುವ ಐಸಿಎಸ್ ಕೊಂಡಿ. ವೆಬ್‌ನಲ್ಲಿ ಕ್ಯಾಲೆಂಡರನ್ನು ಕೊಂಡಿಯ ಮೂಲಕ ಹಂಚಿಕೊಂಡು, ಆ ಕೊಂಡಿಯನ್ನು ಥಂಡರ್‌ಬರ್ಡ್‌ನಲ್ಲಿ ಚಂದಾ ಮಾಡಿದರೆ ದಿನಚರಿ ಕಾಣುತ್ತದೆ, ತಿದ್ದಲಾಗುವುದಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಥಂಡರ್‌ಬರ್ಡ್‌ಗೆ ಪ್ರೋಟಾನ್‌ನ ಬೀಗ ತೆರೆಯಲು ಬರುವುದಿಲ್ಲ, ಅಂದಮೇಲೆ ಕೊಂಡಿ ಕೇಳಿದಾಗ ಸರ್ವರೇ ತೆರೆದು ಕೊಡಬೇಕು. ಪೂರ್ತಿ ವಿವರದ ಕೊಂಡಿ ಮಾಡಿದ ದಿನವೇ ಆ ಕ್ಯಾಲೆಂಡರ್ ಮಟ್ಟಿಗೆ ಸರ್ವರಿನ ಕಣ್ಣಪಟ್ಟಿ ಸಡಿಲವಾಯಿತು, ಕೊಂಡಿ ಸಿಕ್ಕವರೆಲ್ಲರಿಗೂ ದಿನಚರಿ ತೆರೆಯಿತು. ಯಾವ ಹೊತ್ತು ಬಿಡುವಿಲ್ಲ ಎಂಬಷ್ಟನ್ನೇ ತೋರಿಸುವ ಸೀಮಿತ ಕೊಂಡಿ ಸಾಕಾಗುವ ಕಡೆ ಅದನ್ನೇ ಬಳಸಿ. ಸಂಪರ್ಕಗಳಿಗೆ ಕಾರ್ಡ್‌ಡ್ಯಾವ್ ಕೂಡ ಇಲ್ಲ, ಆಗಾಗ ವಿಕಾರ್ಡ್ ಕಡತವಾಗಿ ಇಳಿಸಿ ಏರಿಸುವುದೇ ದಾರಿ. ಪ್ರೋಟಾನ್‌ನಲ್ಲಿ ಸಂಪರ್ಕದ ಫೋನ್ ಸಂಖ್ಯೆ, ಮನೆ ವಿಳಾಸ ಎನ್‌ಕ್ರಿಪ್ಟ್ ಆಗಿರುತ್ತವೆ. ಇಮೇಲ್ ವಿಳಾಸ ಆಗಿರುವುದಿಲ್ಲ, ಅದರ ಮೇಲೆ ಡಿಜಿಟಲ್ ಸಹಿ ಮಾತ್ರ ಇರುತ್ತದೆ.

ಕಡತಗಳ ಸಿಂಕ್‌ನಲ್ಲಿ ಲಿನಕ್ಸ್ ಬಳಸುವವರು ನಿಜಕ್ಕೂ ಹಿಂದೆ ಉಳಿದಿದ್ದಾರೆ. ಪ್ರೋಟಾನ್ ಡ್ರೈವ್‌ನ ಆ್ಯಪ್ ವಿಂಡೋಸ್‌ಗೂ ಮ್ಯಾಕ್‌ಗೂ 2023ರಲ್ಲೇ ಬಂತು, ಲಿನಕ್ಸಿನ ಸರದಿ ಆಗ ಬರಲಿಲ್ಲ. ಖಾಸಗಿತನದ ಮಾತು ಬಂದಾಗ ಲಿನಕ್ಸ್ ಬಳಸುವವರೇ ಮೊದಲ ಗಿರಾಕಿಗಳು. ಅವರನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸುವುದು ಸರಿಯಲ್ಲ, ಇದನ್ನು ಗಟ್ಟಿಯಾಗಿಯೇ ಹೇಳಬೇಕು. ಆ ತೆರವನ್ನು ತುಂಬಿದ್ದು ಆರ್‌ಕ್ಲೋನ್ ಎಂಬ ಕಮಾಂಡ್ ಲೈನ್ ಸಿಂಕ್ ಸಾಧನ. ಅದರ 1.64ನೇ ಆವೃತ್ತಿಯಿಂದ ಪ್ರೋಟಾನ್ ಡ್ರೈವ್‌ಗೆ ಬೆಂಬಲವಿದೆ, ಬೀಟಾ ಎಂಬ ಹಣೆಪಟ್ಟಿಯೊಂದಿಗೆ. ಪ್ರೋಟಾನ್ ಪ್ರಕಟಿಸಿದ ವಿವರಣೆ ಯಾವುದೂ ಇಲ್ಲದೆ, ಅವರ ಮುಕ್ತ ಕೋಡ್ ಓದಿ, ಬ್ರೌಸರಿನ ಸಂಚಾರ ಗಮನಿಸಿ ಕಟ್ಟಿದ್ದು ಅದು. ಆದ್ದರಿಂದ ಸರ್ವರಿನ ಕಡೆ ಏನಾದರೂ ಬದಲಾದಾಗ ಮುರಿಯಬಹುದು.

ಅದರಲ್ಲಿ ಎರಡು ತೊಂದರೆಗಳು ಮತ್ತೆ ಮತ್ತೆ ಬರುತ್ತವೆ. ಏರಿಸುವಾಗ ಸಂಪರ್ಕ ಕಡಿದರೆ ಸರ್ವರಿನಲ್ಲಿ ಅರ್ಧ ಕಡತ ಡ್ರಾಫ್ಟ್ ಆಗಿ ಉಳಿಯುತ್ತದೆ. ಮುಂದಿನ ಸಲ ಅದೇ ಹೆಸರಿನ ಕಡತ ಏರಿಸಲು ಹೋದರೆ ಡ್ರಾಫ್ಟ್ ಇದೆ ಎಂದು ನಿರಾಕರಿಸುತ್ತದೆ. ಇರುವ ಡ್ರಾಫ್ಟನ್ನು ಬದಲಿಸು ಎಂಬ ಆಯ್ಕೆಯನ್ನು ಆರ್‌ಕ್ಲೋನ್ ಸಂರಚನೆಯಲ್ಲಿ ಶುರು ಮಾಡಿದರೆ ದಾಟಬಹುದು. ಆದರೆ ಅದೇ ಕಡತವನ್ನು ಅದೇ ಹೊತ್ತಿಗೆ ಫೋನಿನಿಂದಲೂ ಏರಿಸುತ್ತಿಲ್ಲ ಎಂದು ಖಾತ್ರಿಯಿರಬೇಕು. ಎರಡನೆಯದು, ಆರ್‌ಕ್ಲೋನ್ ತಾನೊಬ್ಬನೇ ಈ ಡ್ರೈವ್ ಮುಟ್ಟುತ್ತಿದ್ದೇನೆ ಎಂದುಕೊಂಡು ಫೋಲ್ಡರುಗಳ ಪಟ್ಟಿಯನ್ನು ನೆನಪಿನಲ್ಲಿಟ್ಟುಕೊಳ್ಳುತ್ತದೆ. ಡ್ರೈವನ್ನು ಫೋಲ್ಡರಿನಂತೆ ಮೌಂಟ್ ಮಾಡಿಟ್ಟು, ಫೋನಿನಿಂದ ಕಡತ ಸೇರಿಸಿದರೆ ಅದು ಇಲ್ಲಿ ಕಾಣುವುದಿಲ್ಲ. ಕ್ಯಾಶಿಂಗ್ ಆಯ್ಕೆಯನ್ನು ನಿಲ್ಲಿಸಿದರೆ ನಿಧಾನವಾದರೂ ಸರಿಯಾದ ಚಿತ್ರ ಸಿಗುತ್ತದೆ. ಎರಡೂ ಕಡೆಯ ಸಿಂಕ್‌ಗೆ ಆರ್‌ಕ್ಲೋನ್‌ನ ಬೈಸಿಂಕ್ ಆಜ್ಞೆ ಬಳಸುವವರು ಮೊದಲ ಓಟಕ್ಕೆ ರೀಸಿಂಕ್ ಆಯ್ಕೆ ಕೊಡಲೇಬೇಕು, ಅದಕ್ಕೂ ಮೊದಲು ಏನೂ ಬದಲಿಸದೆ ತೋರಿಸುವ ಡ್ರೈ ರನ್ ಮಾಡಿ ಪಟ್ಟಿಯನ್ನು ಸಾಲು ಸಾಲಾಗಿ ಓದಬೇಕು. ಬರಿಯ ಸಿಂಕ್ ಆಜ್ಞೆ ಒಂದು ಕಡೆಯದನ್ನು ಇನ್ನೊಂದು ಕಡೆಯಂತೆ ಮಾಡುತ್ತದೆ, ಹೆಚ್ಚಿಗೆ ಇರುವುದನ್ನು ಅಳಿಸುತ್ತದೆ. ಮೂಲ ಮತ್ತು ಗುರಿ ಅದಲುಬದಲಾಗಿ ಕಡತ ಕಳೆದುಕೊಳ್ಳುವುದು ಒಂದೇ ಆಜ್ಞೆಯ ಮಾತು.

ಇನ್ನು ವಿಪಿಎನ್, ಅಂದರೆ ನಿಮ್ಮ ಇಂಟರ್‌ನೆಟ್ ಸಂಚಾರವನ್ನು ಬೀಗ ಹಾಕಿದ ಸುರಂಗದಲ್ಲಿ ಒಯ್ಯುವ ಸೇವೆ. ಇಲ್ಲಿ ಲಿನಕ್ಸ್‌ಗೆ ಒಂದು ದೊಡ್ಡ ಅನುಕೂಲವಿದೆ. ಆ ಸುರಂಗ ಕಟ್ಟುವ ವೈರ್‌ಗಾರ್ಡ್ 2020ರ ಮಾರ್ಚ್‌ನಲ್ಲಿ ಬಂದ 5.6ನೇ ಕರ್ನೆಲ್‌ನಿಂದ ಕರ್ನೆಲ್‌ನೊಳಗೇ ಇದೆ. ಸೇವೆಯ ಆ್ಯಪ್ ಚೆನ್ನಾಗಿಲ್ಲದಿದ್ದರೂ ಅವರು ಕೊಡುವ ವೈರ್‌ಗಾರ್ಡ್ ಕಡತ ಒಂದಿದ್ದರೆ ಕೆಲಸ ನಡೆಯುತ್ತದೆ. ವಿಪಿಎನ್ ಆರಿಸುವಾಗ ಈ ಕಡತ ಕೊಡುತ್ತಾರೆಯೇ ಎಂಬುದು ಮೊದಲ ಪ್ರಶ್ನೆಯಾಗಬೇಕು. ಮುಲ್‌ವಾಡ್ ಕೊಡುತ್ತದೆ, ಪ್ರೋಟಾನ್ ವಿಪಿಎನ್ ಕೂಡ ಕೊಡುತ್ತದೆ.

ಆ ಕಡತ ಇಳಿಸಿ, ಸುರಂಗ ಎಬ್ಬಿಸುವ ಡಬ್ಲ್ಯುಜಿ-ಕ್ವಿಕ್ ಆಜ್ಞೆಗೆ ಕೊಟ್ಟಾಗ ಬರುವ ಮೊದಲ ದೋಷಕ್ಕೆ ಕಾರಣ ಕಡತದ ಹೆಸರು. ಲಿನಕ್ಸಿನಲ್ಲಿ ನೆಟ್‌ವರ್ಕ್ ಇಂಟರ್‌ಫೇಸಿನ ಹೆಸರು 15 ಅಕ್ಷರ ಮೀರುವಂತಿಲ್ಲ, ಡಬ್ಲ್ಯುಜಿ-ಕ್ವಿಕ್ ಕಡತದ ಹೆಸರನ್ನೇ ಇಂಟರ್‌ಫೇಸಿಗೆ ಇಡುತ್ತದೆ. ದೇಶ, ನಗರ, ಸರ್ವರ್ ಸಂಖ್ಯೆ ಎಲ್ಲ ಸೇರಿದ ಉದ್ದ ಹೆಸರು ಅದಕ್ಕೆ ಒಗ್ಗುವುದಿಲ್ಲ. ಚಿಕ್ಕ ಹೆಸರಿಡಿ, ರೂಟ್ ಒಬ್ಬರೇ ಓದುವಂತೆ ಅನುಮತಿಯನ್ನು 600 ಮಾಡಿ, ಏಕೆಂದರೆ ಒಳಗೆ ನಿಮ್ಮ ಖಾಸಗಿ ಕೀಲಿ ಬಯಲಾಗಿಯೇ ಇದೆ. ಎರಡನೇ ದೋಷ ರಿಸಾಲ್ವ್‌ಕಾನ್ಫ್ ಸಿಗಲಿಲ್ಲ ಎಂಬುದು. ಕಡತದಲ್ಲಿ ಡಿಎನ್‌ಎಸ್ ಸಾಲು ಇದ್ದಾಗ ಆ ಪ್ರೋಗ್ರಾಂ ಬೇಕಾಗುತ್ತದೆ. ಓಪನ್‌ರಿಸಾಲ್ವ್ ಅಥವಾ ಸಿಸ್ಟಂಡಿಯ ರಿಸಾಲ್ವ್‌ಕಾನ್ಫ್ ಹಾಕಿಕೊಳ್ಳಿ. ಡಿಎನ್‌ಎಸ್ ಸಾಲನ್ನೇ ಅಳಿಸಿಬಿಡುವ ಸುಲಭದ ಉಪಾಯ ಬೇಡ. ಸುರಂಗ ಏಳುತ್ತದೆ, ಆದರೆ ನೀವು ಯಾವ ಸೈಟಿಗೆ ಹೋಗುತ್ತೀರಿ ಎಂಬ ಪ್ರಶ್ನೆಗಳೆಲ್ಲ ಹಳೆಯ ಡಿಎನ್‌ಎಸ್ ಸರ್ವರಿಗೇ ಹೋಗುತ್ತಿರುತ್ತವೆ.

ಡಿಎನ್‌ಎಸ್ ಸೋರಿಕೆ ಲಿನಕ್ಸಿನಲ್ಲಿ ಮೆತ್ತಗೆ ಆಗುತ್ತದೆ, ಯಾವ ಎಚ್ಚರಿಕೆಯೂ ಕಾಣುವುದಿಲ್ಲ. ಹೆಸರು ಹುಡುಕುವ ಸೇವೆಯಾದ ಸಿಸ್ಟಂಡಿ-ರಿಸಾಲ್ವ್ಡ್ ಪ್ರತಿ ಇಂಟರ್‌ಫೇಸಿಗೂ ಬೇರೆ ಬೇರೆ ಡಿಎನ್‌ಎಸ್ ಇಟ್ಟುಕೊಳ್ಳುತ್ತದೆ. ಎಲ್ಲ ಹೆಸರುಗಳಿಗೂ ವಿಪಿಎನ್‌ನದನ್ನೇ ಕೇಳು ಎಂದು ಹೇಳದಿದ್ದರೆ ವೈಫೈನ ಡಿಎನ್‌ಎಸ್‌ಗೂ ಪ್ರಶ್ನೆ ಹೋಗಬಹುದು. ರಿಸಾಲ್ವ್‌ಸಿಟಿಎಲ್ ಸ್ಟೇಟಸ್ ಎಂಬ ಆಜ್ಞೆ ಕೊಟ್ಟು, ವಿಪಿಎನ್ ಇಂಟರ್‌ಫೇಸಿನ ಕೆಳಗೆ ಡಿಎನ್‌ಎಸ್ ಡೊಮೈನ್ ಜಾಗದಲ್ಲಿ ಅಲೆಗೆರೆ ಮತ್ತು ಚುಕ್ಕೆ ಇದೆಯೇ ನೋಡಿ. ನೆಟ್‌ವರ್ಕ್ ಮ್ಯಾನೇಜರಿನಲ್ಲಿ ಕೈಯಿಂದ ಪ್ರೊಫೈಲ್ ಮಾಡಿದವರು ಡಿಎನ್‌ಎಸ್ ಆದ್ಯತೆಯನ್ನು -50 ಎಂದು ಇಟ್ಟರೆ ಬೇರೆ ಇಂಟರ್‌ಫೇಸುಗಳ ಡಿಎನ್‌ಎಸ್ ಪಕ್ಕಕ್ಕೆ ಸರಿಯುತ್ತದೆ.

ಐಪಿವಿ6 ಇನ್ನೊಂದು ಕಿಂಡಿ. ಕಡತದ ಅಲೌಡ್ ಐಪಿ ಸಾಲಿನಲ್ಲಿ 0.0.0.0/0 ಮಾತ್ರ ಇದ್ದು ::/0 ಇಲ್ಲದಿದ್ದರೆ ಐಪಿವಿ6 ಸಂಚಾರ ಸುರಂಗದ ಹೊರಗೇ ಹೋಗುತ್ತದೆ. ಇನ್ನು ಕೆಲವು ಪುಟ ಬಂದು ಕೆಲವು ಅರ್ಧಕ್ಕೇ ನಿಂತರೆ, ಪಿಂಗ್ ಸರಿಯಿದ್ದರೂ ದೊಡ್ಡ ಕಡತ ಇಳಿಯದಿದ್ದರೆ, ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ ಗರಿಷ್ಠ ಗಾತ್ರ, ನೋಡಿ. ವೈರ್‌ಗಾರ್ಡ್ ಪ್ರತಿ ಪ್ಯಾಕೆಟ್ಟಿಗೂ ಐಪಿವಿ4ರಲ್ಲಿ 60, ಐಪಿವಿ6ರಲ್ಲಿ 80 ಬೈಟ್ ಹೊದಿಕೆ ಸೇರಿಸುತ್ತದೆ. 1500ರಲ್ಲಿ 80 ಕಳೆದರೆ 1420, ಅದೇ ಮಾಮೂಲಿ ಮೌಲ್ಯ. ಆದರೆ ಕೆಲವು ಬ್ರಾಡ್‌ಬ್ಯಾಂಡ್‌ಗಳು ಬಳಸುವ ಪಿಪಿಪಿಒಇ ಸಂಪರ್ಕದಲ್ಲಿ ಹೊರಗಿನ ಮಿತಿಯೇ 1492, ಆದ್ದರಿಂದ 1412 ಇಡಬೇಕು. ಮಧ್ಯೆ ಇನ್ನೇನಿದೆಯೋ ತಿಳಿಯದಿದ್ದರೆ 1280ಕ್ಕೆ ಇಳಿಸಿ ನೋಡಿ. ಐಪಿವಿ6 ಒಪ್ಪುವ ಕನಿಷ್ಠ ಅದು. ಪುಟಗಳು ಬಂದರೆ ಕಾರಣ ಸಿಕ್ಕಿತು, ಆಮೇಲೆ ಮೆಲ್ಲಗೆ ಏರಿಸಿಕೊಳ್ಳಿ.

ವಿಪಿಎನ್ ಕಡಿದಾಗ ಇಂಟರ್‌ನೆಟ್ಟನ್ನೇ ತಡೆಯುವ ಆ್ಯಪ್‌ಗಳ ಕಿಲ್ ಸ್ವಿಚ್ ಒಳ್ಳೆಯದೇ, ಆದರೆ ಅದು ಹಿಂದೆ ಬಿಟ್ಟುಹೋಗುವುದನ್ನು ಬಲ್ಲವರಾಗಿರಬೇಕು. ಪ್ರೋಟಾನ್ ವಿಪಿಎನ್‌ನ ಲಿನಕ್ಸ್ ಆ್ಯಪ್ ತಡೆಗೆಂದು ನೆಟ್‌ವರ್ಕ್ ಮ್ಯಾನೇಜರಿನಲ್ಲಿ ಪಿವಿಪಿಎನ್ ಎಂದು ಶುರುವಾಗುವ ನಕಲಿ ಸಂಪರ್ಕಗಳನ್ನು ಮಾಡುತ್ತದೆ. ಆ್ಯಪ್ ಮಧ್ಯದಲ್ಲೇ ಸತ್ತರೆ, ಅಥವಾ ಸಂಪರ್ಕ ಬಿಡಿಸದೆ ಅದನ್ನು ಅಳಿಸಿದರೆ, ಅವು ಉಳಿದುಬಿಡುತ್ತವೆ. ವೈಫೈ ಇದೆ, ಇಂಟರ್‌ನೆಟ್ ಇಲ್ಲ. ಎನ್‌ಎಂಸಿಎಲ್‌ಐ ಆಜ್ಞೆಯಿಂದ ಚಾಲ್ತಿ ಸಂಪರ್ಕಗಳ ಪಟ್ಟಿ ತೆಗೆದು ಆ ಹೆಸರಿನವನ್ನು ಅಳಿಸಿದರೆ ಜೀವ ಬರುತ್ತದೆ. ಮುಲ್‌ವಾಡ್‌ನ ಲಾಕ್‌ಡೌನ್ ಮೋಡ್ ಕಂಪ್ಯೂಟರ್ ಏಳುವ ಹೊತ್ತಿನ ಸಣ್ಣ ಕಿಂಡಿಯನ್ನೂ ಮುಚ್ಚುತ್ತದೆ. ಡಬ್ಲ್ಯುಜಿ-ಕ್ವಿಕ್‌ನ ಕೈಪಿಡಿಯಲ್ಲಿರುವ ಐಪಿಟೇಬಲ್ಸ್ ಫೈರ್‌ವಾಲ್ ನಿಯಮ ಸುರಂಗ ಇರುವಷ್ಟು ಹೊತ್ತು ಮಾತ್ರ ಕಾಯುತ್ತದೆ. ಅದು ನಿಂತಿರುವುದು ಔಟ್‌ಪುಟ್ ಸರಪಳಿಯಲ್ಲಿ. ಪ್ರೋಗ್ರಾಂಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಡಾಕರ್ ಕಂಟೇನರುಗಳ ಸಂಚಾರ ಹಾಯುವುದು ಫಾರ್ವರ್ಡ್ ಸರಪಳಿಯಲ್ಲಿ, ಹಾಗಾಗಿ ಆ ನಿಯಮ ಅವನ್ನು ತಡೆಯುವುದೇ ಇಲ್ಲ. ಡಾಕರ್-ಯೂಸರ್ ಸರಪಳಿಯಲ್ಲಿ ಪ್ರತ್ಯೇಕ ನಿಯಮ ಬೇಕು.

ವಿಪಿಎನ್ ಮತ್ತು ಸಿಂಕ್ ಒಂದಕ್ಕೊಂದು ಡಿಕ್ಕಿ ಹೊಡೆಯುವ ಜಾಗವೂ ಇದೆ. ಸರ್ವರೇ ಬೇಡವೆಂದು, ಸಾಧನದಿಂದ ಸಾಧನಕ್ಕೆ ನೇರ ಕಡತ ಸಿಂಕ್ ಮಾಡುವ ಸಿಂಕ್‌ಥಿಂಗ್ ಬಳಸುವವರ ಲ್ಯಾಪ್‌ಟಾಪ್, ಫೋನ್ ಒಂದೇ ಮೇಜಿನ ಮೇಲಿದ್ದರೂ ಸಿಂಕ್ ಆಮೆಯ ವೇಗದಲ್ಲಿ ನಡೆಯುತ್ತದೆ. ಕಿಲ್ ಸ್ವಿಚ್ ಸ್ಥಳೀಯ ಜಾಲವನ್ನೂ ಮುಚ್ಚಿರುವುದರಿಂದ 21027ನೇ ಯುಡಿಪಿ ಪೋರ್ಟಿನ ಕೂಗು ಪಕ್ಕದ ಸಾಧನಕ್ಕೆ ಕೇಳುವುದಿಲ್ಲ, ಕಡತಗಳು ಎಲ್ಲೋ ದೂರದ ರಿಲೇ ಸರ್ವರ್ ಸುತ್ತಿ ಬರುತ್ತವೆ. ಆ್ಯಪ್‌ನಲ್ಲಿ ಸ್ಥಳೀಯ ಜಾಲಕ್ಕೆ ಅನುಮತಿ ಕೊಟ್ಟರೆ ಸಾಧನಗಳು 22000ನೇ ಪೋರ್ಟಿನಲ್ಲಿ ನೇರ ಮಾತಾಡುತ್ತವೆ. ಹೊರಗಿನಿಂದ ನೇರ ಸಂಪರ್ಕ ಬೇಕಾದರೆ ವಿಪಿಎನ್ ಸರ್ವರಿನ ಒಂದು ಪೋರ್ಟನ್ನು ನಿಮ್ಮ ಕಡೆ ತಿರುಗಿಸುವ ಪೋರ್ಟ್ ಫಾರ್ವರ್ಡಿಂಗ್ ಬೇಕು. ಮುಲ್‌ವಾಡ್ ಅದನ್ನು 2023ರಲ್ಲಿ ತೆಗೆದುಹಾಕಿತು. ಪ್ರೋಟಾನ್ ವಿಪಿಎನ್ ಹಣ ಕೊಟ್ಟ ಖಾತೆಗಳಿಗೆ ಕೊಡುತ್ತದೆ. ಬರಿಯ ವೈರ್‌ಗಾರ್ಡ್ ಕಡತ ಬಳಸುವವರು ಎನ್‌ಎಟಿ-ಪಿಎಂಪಿ ಎಂಬ ಪದ್ಧತಿಯ ಮೂಲಕ 60 ಸೆಕೆಂಡಿನ ಅವಧಿಗೆ ಪೋರ್ಟ್ ಕೇಳಿ, ಅದು ತೀರುವ ಮೊದಲೇ ಮತ್ತೆ ಕೇಳುತ್ತಿರಬೇಕು. ಸಂಪರ್ಕ ಕಡಿದು ಮತ್ತೆ ಸೇರಿದಾಗ ಪೋರ್ಟ್ ಸಂಖ್ಯೆ ಬದಲಾಗಬಹುದು, ಆಗ ಸಿಂಕ್‌ಥಿಂಗ್‌ಗೂ ಹೊಸ ಸಂಖ್ಯೆ ಹೇಳಬೇಕು.

ಇವೆಲ್ಲಕ್ಕಿಂತ ಮೊದಲು, ಖಾತೆ ತೆರೆದ ವಾರವೇ, ಹೊರಬರುವ ದಾರಿಯನ್ನು ನಡೆದು ನೋಡಿರಬೇಕು. ಪ್ರೋಟಾನ್ ಕೊಡುವ ಎಕ್ಸ್‌ಪೋರ್ಟ್ ಸಾಧನ ಲಿನಕ್ಸಿನ ಟರ್ಮಿನಲ್‌ನಲ್ಲಿ ಓಡುತ್ತದೆ, ಪ್ರತಿ ಪತ್ರವನ್ನೂ ಬೀಗ ತೆರೆದು ಇಎಂಎಲ್ ಕಡತವಾಗಿ ಇಳಿಸುತ್ತದೆ, ಪಕ್ಕದಲ್ಲೇ ಅದರ ವಿವರಗಳ ಜೇಸನ್ ಕಡತವೊಂದನ್ನು ಇಡುತ್ತದೆ. ಒಂದಷ್ಟು ಪತ್ರಗಳನ್ನು ಇಳಿಸಿ ಥಂಡರ್‌ಬರ್ಡ್‌ನ ಸ್ಥಳೀಯ ಫೋಲ್ಡರಿಗೆ ಎಳೆದು ಹಾಕಿ ನೋಡಿ. ಪತ್ರ, ಲಗತ್ತು, ದಿನಾಂಕ ಎಲ್ಲ ಬಂದಿರುತ್ತವೆ. ಯಾವ ಪತ್ರಕ್ಕೆ ಯಾವ ಲೇಬಲ್ ಇತ್ತು ಎಂಬುದು ಮಾತ್ರ ಇಎಂಎಲ್‌ನಲ್ಲಿಲ್ಲ, ಆ ಜೇಸನ್‌ನಲ್ಲಿದೆ, ಥಂಡರ್‌ಬರ್ಡ್ ಅದನ್ನು ಓದುವುದಿಲ್ಲ. ಲೇಬಲ್‌ಗಳನ್ನೇ ನೆಚ್ಚಿಕೊಂಡವರು ಬ್ರಿಜ್ ಚಾಲ್ತಿಯಲ್ಲಿರುವಾಗಲೇ ಆ ಲೇಬಲ್ ಫೋಲ್ಡರುಗಳನ್ನು ಸ್ಥಳೀಯ ಫೋಲ್ಡರುಗಳಿಗೆ ನಕಲು ಮಾಡಿಟ್ಟುಕೊಳ್ಳಬೇಕು. ಹಣ ಕೊಡುವುದು ನಿಂತ ದಿನ ಬ್ರಿಜ್ ಕೂಡ ನಿಲ್ಲುತ್ತದೆ.